ಸ್ವಲ್ಪದ ಸಂಗೀತ

ನಾನು ಹುಟ್ಟಿ ಬೆಳೆದ ಊರಿನಲ್ಲಿ ಕುಕ್ಕರ್ ದಿನಕ್ಕೆ ಒಂದೇ ಸಲ ಕೂಗುತ್ತಿತ್ತು. ಅದು ತನ್ನ ಪಾಡಿಗೆ ಮೂರೋ ನಾಲ್ಕೋ ಸಲ ಕೂಗುತ್ತಿತ್ತು ಅನ್ನಿ, ನಮಗೆ ಕೇಳಿಸುತ್ತಿದ್ದದ್ದು ಮೊದಲನೆಯದು ಮಾತ್ರ. ಆಮೇಲಿನದನ್ನೆಲ್ಲ ಅಮ್ಮ ಕಣ್ಣಿನಲ್ಲೇ ಲೆಕ್ಕ ಹಾಕುತ್ತಿದ್ದಳು, ಆವಿ ಚಿಮ್ಮುವುದನ್ನು ನೋಡಿಕೊಂಡು. ಆ ಊರಿನಲ್ಲಿ ಒಮ್ಮೆ ಕಿವಿಗೆ ಬಿದ್ದದ್ದು ಅದೇ ದಿನ ಎರಡನೇ ಸಲ ಕಿವಿಗೆ ಬೀಳುತ್ತಿರಲಿಲ್ಲ. ಮಾತಾಗಲಿ, ಹಾಡಾಗಲಿ, ಕಾಗೆಯ ಕೂಗಾಗಲಿ. ಬೆಳಗಾದರೆ ಎಲ್ಲವೂ ಹೊಸದು, ಮತ್ತೆ ಒಂದು ಸಲ.

ಇದರಿಂದ ನಮಗೇನೂ ಕಷ್ಟವಿರಲಿಲ್ಲ. ಹಾಲಿನವಳು ಒಂದು ಮನೆಯ ಮುಂದೆ "ಹಾಲೂ" ಅಂದರೆ, ಪಕ್ಕದ ಮನೆಯ ಮುಂದೆ "ನೊರೆ ಆರೋಕ್ ಮುಂಚೆ ಬನ್ರವ್ವಾ" ಅನ್ನುತ್ತಿದ್ದಳು. ಶಾಲೆಯಲ್ಲಿ ಹಾಜರಿ ಕರೆದಾಗ ಒಬ್ಬ "ಇದೀನಿ ಸಾರ್" ಅಂದರೆ ಮುಂದಿನವನು "ಬಂದೆ", ಅದರ ಮುಂದಿನವಳು "ಇಲ್ಲೇ ಕೂತಿದೀನಲ್ಲ". ಕೊನೆಯ ಬೆಂಚಿನವರ ಪಾಡು ಕೇಳಬೇಡಿ. ಬೀದಿ ಜಗಳಗಳು ಬೇಗ ಮುಗಿಯುತ್ತಿದ್ದವು, ಬೈಗುಳ ಖಾಲಿಯಾದವರು ಸೋತ ಹಾಗೆ. ಮದುವೆ ಮನೆಯಲ್ಲಿ ಹಾಡುವವರು ಪಲ್ಲವಿಗೆ ಮರಳಿದಾಗ ಬಾಯಿ ಮಾತ್ರ ಆಡುತ್ತಿತ್ತು. ಆ ಹೊತ್ತಿನಲ್ಲಿ ಜನ ಎಲೆಗೆ ಸುಣ್ಣ ಹಚ್ಚಿಕೊಂಡು, ಚರಣ ಬಂದ ಮೇಲೆ ತಲೆ ಎತ್ತುತ್ತಿದ್ದರು. ಅಪ್ಪ ದರ್ಜಿ. ಅವನ ಹೊಲಿಗೆ ಮಷಿನ್ನು ಬೆಳಿಗ್ಗೆ ಒಮ್ಮೆ ಟಕ್ ಅಂದರೆ ಮುಗಿಯಿತು, ಸಂಜೆಯವರೆಗೂ ಅಪ್ಪನ ಕಾಲು ಸದ್ದಿಲ್ಲದೆ ತುಳಿಯುತ್ತಿತ್ತು.

ಒಂದು ಮಾತನ್ನು ಎರಡು ಸಲ ಆಡುವುದು ನಮ್ಮಲ್ಲಿ ಅಗೌರವ. ಪ್ರೀತಿ ಇದ್ದವರು ಹೊಸ ಮಾತು ಹುಡುಕುತ್ತಾರೆ ಎಂದು ನಂಬಿದ್ದೆವು. ಹಾಗೆ ಹುಡುಕುವುದರಲ್ಲಿ ನಮ್ಮಜ್ಜಿ, ಅಮ್ಮನ ತಾಯಿ ಪುಟ್ಟತಾಯಮ್ಮ, ಎತ್ತಿದ ಕೈ. ಆಕೆ ಬಾಗಿಲಲ್ಲಿ ನಿಂತು ನನ್ನನ್ನು ಊಟಕ್ಕೆ ಕರೆಯುವುದನ್ನು ಕೇಳಲಿಕ್ಕೆಂದೇ ನಾನು ಬೇಕುಬೇಕಂತಲೇ ತಡ ಮಾಡುತ್ತಿದ್ದೆ. "ಶೀಲಾ, ಅನ್ನ ಆರೋಯ್ತು." "ನಮ್ಮನೆ ದೊರೆಸಾನಿ ಎಲ್ಲಿ ಹೋದ್ಲಪ್ಪಾ?" "ತಟ್ಟೆ ಹಾಕಿದೀನಿ, ಬೆಕ್ಕನ್ನ ಕೂರಿಸ್ಲಾ?" "ಸಾರಲ್ಲಿರೋ ಬೇಳೆ ನಿನ್ನ ಹೆಸರು ಹಿಡ್ಕೊಂಡು ಅಳ್ತಾ ಇದೆ ಕಣೇ." ಬೀದಿಯವರು ಕೆಲಸ ಬಿಟ್ಟು ಕಿವಿಗೊಡುತ್ತಿದ್ದರು. ಅಜ್ಜಿ ಅದೇ ಮಾತನ್ನು ಮತ್ತೆ ಆಡಿದ್ದನ್ನು ನಾನು ಕಂಡೇ ಇರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಜ್ಜಿಯ ಮಾತುಗಳು ಒಂದೊಂದಾಗಿ ಉದುರಿಹೋದವು. ಮೊದಲು ಹೆಸರುಗಳು ಹೋದವು, ಆಮೇಲೆ ಅಡಿಗೆ ಸಾಮಾನು, ದಿನ, ವಾರ. ಕೊನೆಗೆ ಒಂದೇ ಮಾತು ಉಳಿಯಿತು. ಯಾರು ಎದುರಿಗೆ ಬಂದರೂ, "ಬಿಸಿಲಲ್ಲಿ ಬಂದ್ಯಾ, ಕೂಸೇ?" ಬೆಳಿಗ್ಗೆ ಬಿಸಿಲೇ ಬಂದಿರದ ಹೊತ್ತಿಗೆ ಅದು ನಮಗೆ ಒಮ್ಮೆ ಕೇಳಿಸುತ್ತಿತ್ತು. ಆಮೇಲೆ ಇಡೀ ದಿನ ಅಜ್ಜಿಯ ತುಟಿ ಆಡುವುದಷ್ಟೇ ಕಾಣುತ್ತಿತ್ತು.

ನಮ್ಮೂರಿನಲ್ಲಿ ಇದಕ್ಕೆ "ಮಾತು ತೀರಿತು" ಎನ್ನುತ್ತಿದ್ದರು. ಹಾಗಾದವರಿಗೆ ಜಗಲಿಯ ಮೇಲೆ ಒಂದು ಕುರ್ಚಿ ಹಾಕುವುದು ವಾಡಿಕೆ. ಅನೇಕ ಮನೆಗಳ ಮುಂದೆ ಅಂಥ ಕುರ್ಚಿಗಳಿದ್ದವು. ಹೊತ್ತು ಹೊತ್ತಿಗೆ ಊಟ ಕೊಡುತ್ತಿದ್ದರು, ತಲೆ ಬಾಚುತ್ತಿದ್ದರು, ಬಿಸಿಲು ತಿರುಗಿದಂತೆ ಕುರ್ಚಿಯನ್ನೂ ತಿರುಗಿಸುತ್ತಿದ್ದರು. ಯಾರೂ ಕೆಟ್ಟವರಲ್ಲ. ಮಾತಾಡಿಸುತ್ತಿರಲಿಲ್ಲ, ಅಷ್ಟೇ. ಅಮ್ಮ ಅಜ್ಜಿಯ ಕುರ್ಚಿಗೆ ತನ್ನ ಹಳೆಯ ರೇಷ್ಮೆ ಸೀರೆಯ ದಿಂಬು ಹೊಲಿಸಿದಳು. ಆಮೇಲೆ ಆ ಜಗಲಿ ದಾಟುವಾಗಲೆಲ್ಲ ಆಕೆ ಸ್ವಲ್ಪ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು.

ಅದೇ ವರ್ಷ ನಮ್ಮ ಶಾಲೆಗೆ ವಾರಿಜಾ ಟೀಚರ್ ಬಂದರು. ಸಂಗೀತ ಕಲಿಸಲು ಬೇರೆ ಊರಿನಿಂದ ಬಂದ ಐವತ್ತು ದಾಟಿದ ಹೆಂಗಸು, ತೆಳ್ಳಗೆ, ಕೈಯಲ್ಲಿ ಯಾವಾಗಲೂ ಒಂದು ಕಪ್ಪು ಛತ್ರಿ. ಹೊರಗಿನವರಿಗೆ ಮೊದಮೊದಲು ನಮ್ಮೂರಿನಲ್ಲೂ ಎಲ್ಲ ಕೇಳಿಸುತ್ತಿತ್ತು. ಬರಬರುತ್ತಾ ಅವರೂ ನಮ್ಮಂತಾಗುತ್ತಿದ್ದರು. ಬಂದ ದಿನವೇ ಹೆಡ್ ಮೇಷ್ಟ್ರು ಚನ್ನಕೇಶವಯ್ಯನವರು ಅವರಿಗೆ ಇದನ್ನು ಹೇಳಿದರಂತೆ. ಟೀಚರ್ ನಕ್ಕು, "ನೋಡೋಣ ಸಾರ್, ನನ್ನ ಕಿವೀನ ನಾನು ಜೋಪಾನ ಮಾಡ್ಕೋತೀನಿ" ಅಂದರಂತೆ.

ಮೊದಲ ಕ್ಲಾಸಿಗೆ ಅವರು ಹಾರ್ಮೋನಿಯಂ ತರಲಿಲ್ಲ. ನಾವೇ ಮನೆಯಿಂದ ಒಂದೊಂದು ಸ್ಟೀಲ್ ಲೋಟ, ಒಂದು ಚಮಚ ತರಬೇಕೆಂದು ಹೇಳಿದ್ದರು. ಲೋಟಗಳಿಗೆ ನೀರು ಹಾಕಿ, ಒಂದರಲ್ಲಿ ಹೆಚ್ಚು ಒಂದರಲ್ಲಿ ಕಮ್ಮಿ ಮಾಡಿ, ನಾಲ್ಕು ಸ್ವರ ಹೊಂದಿಸಿದರು.

"ಇಷ್ಟೇ ಸ್ವರಾನಾ ಟೀಚರ್?" ಅಂದ ಚೆಲುವರಾಜು. ನಮ್ಮ ಕ್ಲಾಸಿನಲ್ಲಿ ಮೊದಲು ಬಾಯಿ ತೆಗೆಯುವವನು ಅವನೇ.

"ಇಷ್ಟೇ. ಇದನ್ನೇ ತಿರುಗಿ ತಿರುಗಿ ನುಡಿಸ್ತೀವಿ. ಬೇರೆ ದೇಶಗಳಲ್ಲಿ ಇಂಥದ್ದಕ್ಕೆ ಮಿನಿಮಲಿಸ್ಟ್ ಸಂಗೀತ ಅಂತಾರೆ. ಮನೇಲಿ ಬರೀ ಉಪ್ಪು, ಮೆಣಸು, ಜೀರಿಗೆ ಇದ್ದಾಗಲೂ ನಿಮ್ಮಮ್ಮ ಸಾರು ಮಾಡಲ್ವಾ? ಹಾಗೆ."

"ಸ್ವಲ್ಪದ ಸಂಗೀತ" ಅಂದ ಚೆಲುವರಾಜು. ಅದೇ ಹೆಸರು ನಿಂತಿತು.

ಟೀಚರ್ ನಾಲ್ಕು ಸ್ವರ ನುಡಿಸಿದರು. ಚೆಂದವಾಗಿತ್ತು. ಆಮೇಲೆ ಅವರ ಚಮಚ ಲೋಟದಿಂದ ಲೋಟಕ್ಕೆ ಓಡಾಡುತ್ತಲೇ ಇತ್ತು, ನಮಗೆ ಏನೂ ಇಲ್ಲ. ನಾವು ಮುಖ ಮುಖ ನೋಡಿಕೊಂಡೆವು.

"ಟೀಚರ್, ಅದು ಆಗಲೇ ಆಗೋಯ್ತು" ಅಂದೆ ನಾನು.

"ಆಗೋಯ್ತು ಅಂತ ಯಾರು ಹೇಳಿದ್ದು?"

"ಅದೇ ತಾನೆ ಮತ್ತೆ ಬರ್ತಿರೋದು?"

"ಅದೇನಾ ಅಂತ ನೋಡು. ನೋಡಿ ಹೇಳು" ಅಂದರು ಅವರು, ಚಮಚ ನಿಲ್ಲಿಸದೆ.

ವಾರಗಟ್ಟಲೆ ಹೀಗೇ ನಡೆಯಿತು. ನಾವು ಕಿವುಡರ ಹಾಗೆ ಲೋಟ ಬಡಿಯುತ್ತಾ ಕೂರುತ್ತಿದ್ದೆವು. ಕಿಟಕಿಯಲ್ಲಿ ಬೇರೆ ಕ್ಲಾಸಿನವರು ಇಣುಕಿ ನಗುತ್ತಿದ್ದರು. ಚೆಲುವರಾಜು ಬೇಸರಕ್ಕೆ ಲೋಟದ ನೀರನ್ನೇ ಕುಡಿದುಬಿಡುತ್ತಿದ್ದ. ಟೀಚರ್ ಬೈಯುತ್ತಿರಲಿಲ್ಲ, ಮತ್ತೆ ನೀರು ಹಾಕಿ ಸ್ವರ ಸರಿ ಮಾಡುತ್ತಿದ್ದರು. ಅವರು ಬೆಳಿಗ್ಗೆ ಶಾಲೆ ತೆರೆಯುವ ಮೊದಲೇ ಬಂದು ಒಬ್ಬರೇ ನುಡಿಸುತ್ತಾ ಕೂರುತ್ತಿದ್ದದ್ದನ್ನು ನಾನು ಕಂಡಿದ್ದೆ. ಆಗ ಅವರ ಮುಖದಲ್ಲಿ ಹೆದರಿಕೆಯೊಂದು ಇರುತ್ತಿತ್ತು. ಇವತ್ತೂ ಕೇಳಿಸುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದರು ಅಂತ ಈಗ ಅನಿಸುತ್ತದೆ.

ಒಂದು ದಿನ ಅವರು ನನ್ನನ್ನೂ ಚೆಲುವರಾಜುವನ್ನೂ ಎದುರು ಬದುರು ಕೂರಿಸಿದರು. ಇಬ್ಬರಿಗೂ ಅದೇ ನಾಲ್ಕು ಸ್ವರ. "ಶೀಲಾ, ನೀನು ಇದ್ದ ಹಾಗೇ ಇರು. ಅವನೇನು ಮಾಡಿದರೂ ಅಲ್ಲಾಡಬೇಡ. ಚೆಲುವಾ, ನೀನು ಕೂದಲೆಳೆಯಷ್ಟು ಬೇಗ ಹೋಗು. ಓಡಬೇಡ, ಜಾರು." ಶುರು ಮಾಡಿದೆವು. ಮೊದಲ ಸುತ್ತು ಕೇಳಿಸಿತು, ಆಮೇಲೆ ಎಂದಿನಂತೆ ಮೌನ. ನಾನು ನನ್ನ ಮಣಿಕಟ್ಟನ್ನು ನೋಡುತ್ತಾ ನುಡಿಸುತ್ತಿದ್ದೆ. ಚಮಚ ಒಮ್ಮೆ ಲೋಟದ ಅಂಚಿಗೆ ತಾಗುತ್ತಿತ್ತು, ಒಮ್ಮೆ ತುಸು ಕೆಳಗೆ. ಒಳಗೆ ನೀರು ಒಮ್ಮೆ ನಡುಗುತ್ತಿತ್ತು, ಒಮ್ಮೆ ಸುಮ್ಮನಿರುತ್ತಿತ್ತು. ಕೈ ಸೋಲುತ್ತಾ ಬಂದಂತೆ ಪೆಟ್ಟು ಹಗುರಾಗುತ್ತಿತ್ತು. ಇದು ಅದೇ ಅಲ್ಲವಲ್ಲ ಎಂದುಕೊಂಡೆ. ಹಾಗೆಂದುಕೊಂಡ ಕ್ಷಣ, ದೂರದಲ್ಲಿ ಯಾರೋ ಬಾಗಿಲು ತೆರೆದ ಹಾಗೆ, ಒಂದು ಸ್ವರ ಕಿವಿಗೆ ಬಿತ್ತು. ಅದರ ಹಿಂದೆ ಇನ್ನೊಂದು. ಚೆಲುವರಾಜುವಿನ ಸ್ವರ ನನ್ನದರ ಪಕ್ಕಕ್ಕೆ ಬಂದು, ದಾಟಿ, ಮುಂದೆ ಹೋಗುತ್ತಿತ್ತು. ಎರಡರ ನಡುವೆ ನಾವಿಬ್ಬರೂ ನುಡಿಸದ ಇನ್ನೊಂದು ಹಾಡು ಎದ್ದು ನಿಂತಿತ್ತು. ತಲೆ ಎತ್ತಿ ನೋಡಿದೆ. ಚೆಲುವರಾಜು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ.

"ಟೀಚರ್, ಯಾರದು ಮೂರನೇದು ನುಡಿಸ್ತಿರೋದು?" ಅಂದ.

ವಾರಿಜಾ ಟೀಚರ್ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಊರಿಗೆ ಬಂದ ಮೇಲೆ ಅವರು ಕೇಳುತ್ತಿದ್ದದ್ದನ್ನು ಇನ್ನೊಬ್ಬರೂ ಕೇಳಿದ್ದು ಅದೇ ಮೊದಲು.

ಮುಂದಿನ ದಿನಗಳಲ್ಲಿ ಒಬ್ಬೊಬ್ಬರಾಗಿ ಎಲ್ಲರ ಕಿವಿಯೂ ತೆರೆಯಿತು. ಒಂದು ಮಧ್ಯಾಹ್ನ ಕ್ಲಾಸು ನಡೆಯುತ್ತಿದ್ದಾಗ ಮಳೆ ಬಂತು. ನಮಗೆ ಮಳೆ ಎಂದರೆ ತಗಡಿನ ಮೇಲೆ ಒಂದು ಟಪ್, ಆಮೇಲೆ ಒದ್ದೆ, ಅಷ್ಟೇ. ಅವತ್ತು ಟಪ್ ಅಂದದ್ದು ನಿಲ್ಲಲೇ ಇಲ್ಲ. ಮಾಡಿನ ಈ ಕೊನೆಯಿಂದ ಆ ಕೊನೆಯವರೆಗೆ ಓಡಿತು, ಕಿಟಕಿಯ ಹಲಗೆಯ ಮೇಲೆ ಒಂದು ಥರ, ಮೈದಾನದ ಮಣ್ಣಿನ ಮೇಲೆ ಇನ್ನೊಂದು ಥರ. ನಾವೆಲ್ಲ ಲೋಟ ಬಿಟ್ಟು ಹೊರಗೆ ಓಡಿ ಮೈದಾನದಲ್ಲಿ ನಿಂತೆವು. ಕೆಲವರು ಹೆದರಿ ಅತ್ತರು. ಹೆಡ್ ಮೇಷ್ಟ್ರು ಆಫೀಸಿನ ಬಾಗಿಲಲ್ಲಿ ನಿಂತು, ಈ ಮಕ್ಕಳಿಗೆ ಏನು ಹಿಡಿದಿದೆ ಎಂದು ತಿಳಿಯದೆ, ಒಳಗೆ ಬರುವಂತೆ ಕೈಬೀಸುತ್ತಿದ್ದರು.

ನಾನು ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದೆ. ಮಳೆ ನಿಂತು ಹೂಬಿಸಿಲು ಬಂದಿತ್ತು. ಜಗಲಿ ಹತ್ತುತ್ತಿದ್ದಂತೆ ಅಜ್ಜಿ, "ಬಿಸಿಲಲ್ಲಿ ಬಂದ್ಯಾ, ಕೂಸೇ?" ಅಂದಳು.

ಬೆಳಿಗ್ಗೆ ಆ ಮಾತು ಆಗಲೇ ನನ್ನ ಕಿವಿಗೆ ಬಿದ್ದಿತ್ತು. ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಅಜ್ಜಿ ನನ್ನ ಒದ್ದೆ ತಲೆ ನೋಡಿ ಮತ್ತೆ ಅದನ್ನೇ ಅಂದಳು. ಈ ಸಲ "ಬಂದ್ಯಾ" ಎಂಬಲ್ಲಿ ಗದರಿಕೆಯಿತ್ತು, ಛತ್ರಿ ಯಾಕೆ ಒಯ್ಯಲಿಲ್ಲ ಎಂಬ ಹಾಗೆ. ನಾನು ಹತ್ತಿರ ಹೋಗಿ ಕೂತೆ. ಮೂರನೆಯ ಸಲ "ಕೂಸೇ" ಎಂಬುದು ಉದ್ದವಾಗಿ ಮೆತ್ತಗೆ ಬಂತು. ಬಾ, ಇಲ್ಲಿ ಕೂರು, ನಿನ್ನ ಕಾಲು ನೋಯುತ್ತಿದೆಯಾ ಎಂದು ಕೇಳಿದ ಹಾಗಿತ್ತು. ಆಮೇಲೆ ಹೂವಿನವಳು ಬೀದಿಯಲ್ಲಿ ಹೋದಾಗ ಅಜ್ಜಿ ನನ್ನ ಕಡೆ ಕಣ್ಣು ಮಿಟುಕಿಸಿ ಅದೇ ಮಾತನ್ನು ಅಂದಳು, ಅವಳ ನಡಿಗೆಯನ್ನು ಅಣಕಿಸುತ್ತಾ. ನನ್ನ ಹಳೆಯ ಅಜ್ಜಿ ಪೂರ್ತಿಯಾಗಿ ಅಲ್ಲೇ ಇದ್ದಳು. ಆ ಒಂದೇ ಮಾತಿನೊಳಗೆ ಕರೆಯುತ್ತಿದ್ದಳು, ಬೈಯುತ್ತಿದ್ದಳು, ತಮಾಷೆ ಮಾಡುತ್ತಿದ್ದಳು.

"ಹೂಂ ಅಜ್ಜಿ, ಬಿಸಿಲಲ್ಲೇ ಬಂದೆ" ಅಂದೆ.

ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಬಳೆ ಒತ್ತಿ ಗುರುತು ಮೂಡಿತು.

ಅಮ್ಮನಿಗೆ ಹೇಳಿದಾಗ ಆಕೆ ನಂಬಲಿಲ್ಲ. ತರಕಾರಿ ಹೆಚ್ಚುತ್ತಿದ್ದವಳು ಈಳಿಗೆಮಣೆ ಬಿಟ್ಟು ಎದ್ದು ಜಗಲಿಗೆ ಬಂದಳು, ಅಜ್ಜಿಯ ಬಾಯಿಯ ಹತ್ತಿರ ಕಿವಿಯಿಟ್ಟಳು. ಅಜ್ಜಿ ಮಾತಾಡಿದಳು, ನನಗೆ ಕೇಳಿಸಿತು. ಅಮ್ಮ ತಲೆಯಾಡಿಸಿದಳು.

"ಸುಳ್ಳು ಹೇಳಬೇಡ ಶೀಲಾ. ನನ್ನ ಹೆತ್ತೋಳು ಅವಳು. ನಂಗೆ ಕೇಳಿಸದೆ ಇರೋದು ನಿಂಗೆ ಕೇಳಿಸುತ್ತಾ?"

"ನಿಜ ಅಮ್ಮಾ. ಒಂದೊಂದು ಸಲ ಒಂದೊಂದು ಥರ ಅಂತಾಳೆ. ಈಗ ನೀನು ಯಾಕೆ ಸೊರಗಿದೀಯ ಅಂತ ಕೇಳಿದ್ಲು."

"ಸಾಕು ಸುಮ್ನಿರು" ಅಂದಳು ಅಮ್ಮ. "ಆ ಟೀಚರಮ್ಮ ಮಕ್ಕಳ ತಲೆ ಕೆಡಿಸ್ತಿದಾಳೆ." ಆ ರಾತ್ರಿ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ.

ಶಾಲೆಯ ವಾರ್ಷಿಕೋತ್ಸವ ಬಂತು. ನಮ್ಮ ಕ್ಲಾಸಿನವರು ಲೋಟ ನುಡಿಸುವುದೆಂದು ಟೀಚರ್ ಪಟ್ಟು ಹಿಡಿದಿದ್ದರು. ಊರೆಲ್ಲ ಬಂದಿತ್ತು. ಅಜ್ಜಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅಪ್ಪ ಅವಳನ್ನು ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ. ಕೂರುವ ಮೊದಲು ಅಜ್ಜಿ ತಿರುಗಿ ನಿಂತು, ಸೇರಿದ್ದವರಿಗೆಲ್ಲ ಕೇಳುವ ಹಾಗೆ, "ಬಿಸಿಲಲ್ಲಿ ಬಂದ್ಯಾ, ಕೂಸೇ?" ಅಂದಳು. ಜನ ನಕ್ಕು ಹೌದೆಂದು ತಲೆದೂಗಿದರು. ಅವರ ಪಾಲಿಗೆ ಆ ದಿನದ್ದು ಅಲ್ಲಿಗೆ ಮುಗಿಯಿತು.

ನಾವು ಶುರು ಮಾಡಿದೆವು. ನಾಲ್ಕು ಸ್ವರದ ಒಂದು ಸುತ್ತು ಎಲ್ಲರಿಗೂ ಕೇಳಿಸಿತು, ಕೆಲವರು ಭೇಷ್ ಅಂದರು. ಆಮೇಲೆ ಅವರಿಗೆ ಕಂಡದ್ದು ಇಷ್ಟೇ: ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡ ಮಕ್ಕಳು ಸದ್ದಿಲ್ಲದೆ ಲೋಟ ಬಡಿಯುತ್ತಾ ಕೂತಿದ್ದಾರೆ. ಮೊದಲು ಕಾದರು. ಆಮೇಲೆ ಕೆಮ್ಮಿದರು, ಮಾತಾಡಿಕೊಂಡರು. ಯಾರೋ "ಮುಗೀತೇನ್ರೋ?" ಅಂತ ಕೂಗಿ ನಗಿಸಿದರು. ಹೆಡ್ ಮೇಷ್ಟ್ರು ವೇದಿಕೆಯ ಪಕ್ಕ ನಿಂತು ಬೆವರುತ್ತಿದ್ದರು. ನಮಗಾದರೋ ಅವೆಲ್ಲ ದೂರದ ಮಾತು. ನಮ್ಮ ಅರ್ಧ ಜನ ಇದ್ದಲ್ಲೇ ಇದ್ದರು, ಅರ್ಧ ಜನ ಜಾರುತ್ತಾ ಹೋದರು. ಸ್ವರಗಳು ಒಂದರ ಮೇಲೊಂದು ಬಂದು ಒಮ್ಮೆ ಗಂಟುಗಂಟಾಗಿ ಒಮ್ಮೆ ಬಿಡಿಬಿಡಿಯಾಗಿ ಇಡೀ ಮೈದಾನ ತುಂಬಿದ್ದವು. ಮುಂದಿನ ಸಾಲಿನಲ್ಲಿ ಅಜ್ಜಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ತಾಳ ತಪ್ಪುತ್ತಿರಲಿಲ್ಲ. ಎರಡು ಸುತ್ತುಗಳ ನಡುವೆ ಸಣ್ಣ ಜಾಗ ಸಿಕ್ಕಿದ್ದೇ, ಥೇಟು ಹಳೆಯ ದಿನಗಳಲ್ಲಿ ನನ್ನನ್ನು ಊಟಕ್ಕೆ ಕರೆಯುತ್ತಿದ್ದ ಠೀವಿಯಲ್ಲಿ, ರಾಗವಾಗಿ, "ಬಿಸಿಲಲ್ಲಿ ಬಂದ್ಯಾ, ಕೂಸೇ?" ಎಂದಳು.

ಲೋಟ ಹಿಡಿದಿದ್ದ ಮಕ್ಕಳೆಲ್ಲ ಒಟ್ಟಿಗೇ ಅವಳ ಕಡೆ ತಿರುಗಿ ಗೊಳ್ಳೆಂದು ನಕ್ಕೆವು. ಚೆಲುವರಾಜು "ಹೂಂ ಅಜ್ಜೀ" ಎಂದು ಕೂಗಿದ.

ಜನ ಬೆಚ್ಚಿಬಿದ್ದರು. ಯಾರೂ ಏನೂ ಅನ್ನದ ಹೊತ್ತಿನಲ್ಲಿ ಅಷ್ಟು ಮಕ್ಕಳು ಒಂದೇ ಸಲ ಒಂದೇ ಕಡೆ ತಿರುಗಿ ನಕ್ಕಿದ್ದು ಯಾಕೆಂದು ಅವರಿಗೆ ಗೊತ್ತಾಗಲಿಲ್ಲ. ಅಮ್ಮನಿಗೆ ಗೊತ್ತಾಯಿತು. ಆಕೆ ಅಜ್ಜಿಯ ಪಕ್ಕದಲ್ಲೇ ಕೂತಿದ್ದಳು, ತುಟಿ ಆಡಿದ್ದನ್ನು ನೋಡಿದ್ದಳು. ಅಮ್ಮ ನಮ್ಮೆಲ್ಲರ ಮುಖಗಳನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿದವಳು ಕಾರ್ಯಕ್ರಮ ಮುಗಿಯುವವರೆಗೂ ಎತ್ತಲಿಲ್ಲ.

ಮಾರನೇ ವಾರ ಸಂಗೀತದ ಕ್ಲಾಸು ನಿಂತಿತು. "ಊರವರ ಮುಂದೆ ಮೂಗರ ನಾಟಕ ಆಡಿಸಿದ ಹಾಗಾಯ್ತಲ್ಲ ತಾಯಿ" ಎಂದರಂತೆ ಹೆಡ್ ಮೇಷ್ಟ್ರು. ಒಳ್ಳೆಯವರು, ನೊಂದುಕೊಂಡೇ ಹೇಳಿದರಂತೆ. ಟೀಚರ್‌ಗೆ ಹೊಲಿಗೆ ಮತ್ತು ಚಿತ್ರಕಲೆ ಕೊಟ್ಟರು.

ಆ ಭಾನುವಾರ ಅಮ್ಮ ಒಂದು ಚೀಲದಲ್ಲಿ ನಮ್ಮ ಮನೆಯ ನಾಲ್ಕು ಲೋಟ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು ಟೀಚರ್ ಮನೆಗೆ ಹೋದಳು. ವಾರಿಜಾ ಟೀಚರ್ ಪೆಟ್ಟಿಗೆ ತೆರೆದು ಬಟ್ಟೆ ಮಡಿಸುತ್ತಿದ್ದರು.

"ಊರು ಬಿಡ್ತಾ ಇದೀರಾ?" ಅಂದಳು ಅಮ್ಮ.

"ಇಲ್ಲೇ ಇದ್ದರೆ ನನ್ನ ಕಿವೀನೂ ಹೋಗುತ್ತೆ ಅಂತ ಭಯ ಆಗ್ತಿದೆ, ರತ್ನಮ್ಮಣ್ಣಿ. ಜೊತೆಗೆ ನುಡಿಸೋಕೆ ಮಕ್ಕಳಿದ್ರು. ಈಗ ಅವರೂ ಇಲ್ಲ."

ಅಮ್ಮ ಚೀಲದಿಂದ ಲೋಟ ತೆಗೆದು ನೆಲದ ಮೇಲಿಟ್ಟಳು. "ನಂಗೆ ಕಲಿಸ್ತೀರಾ? ವಯಸ್ಸಾಯ್ತು, ಬರುತ್ತೋ ಇಲ್ವೋ ಗೊತ್ತಿಲ್ಲ. ನಮ್ಮಮ್ಮ ದಿನವಿಡೀ ನನ್ನ ಏನೋ ಕೇಳ್ತಿದಾಳೆ. ಮಕ್ಕಳಿಗೆಲ್ಲ ಕೇಳಿಸುತ್ತಂತೆ. ನಾನು ಪಕ್ಕದಲ್ಲೇ ಓಡಾಡ್ಕೊಂಡಿದೀನಿ."

ಟೀಚರ್ ಪೆಟ್ಟಿಗೆಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿ, ನೀರು ತರಲು ಒಳಗೆ ಹೋದರು.

ಅಮ್ಮನಿಗೆ ಅದು ಸುಲಭಕ್ಕೆ ಬರಲಿಲ್ಲ. ಸಂಜೆ ಒಲೆ ಕೆಲಸ ಮುಗಿದ ಮೇಲೆ ನಾವಿಬ್ಬರೂ ಅಡಿಗೆ ಮನೆಯ ನೆಲದ ಮೇಲೆ ಎದುರು ಬದುರು ಕೂರುತ್ತಿದ್ದೆವು. ನಾನು ಇದ್ದಲ್ಲೇ ಇರುತ್ತಿದ್ದೆ, ಅಮ್ಮ ಜಾರಬೇಕು. ಜಾರುವ ಬದಲು ಆಕೆ ಓಡುತ್ತಿದ್ದಳು. ಆಕೆಯ ಇಡೀ ಬದುಕೇ ಒಂದು ಕೆಲಸದಿಂದ ಇನ್ನೊಂದಕ್ಕೆ ಓಡುವುದಾಗಿತ್ತು. "ಏನೂ ಇಲ್ಲ ಕಣೇ, ಬರೀ ಖಾಲಿ" ಎಂದು ಚಮಚ ಎಸೆದು ಎದ್ದು ಹೋಗುತ್ತಿದ್ದಳು, ಮರುದಿನ ತಾನೇ ಲೋಟ ತಂದಿಡುತ್ತಿದ್ದಳು. ಅಷ್ಟರಲ್ಲಿ ಅಜ್ಜಿ ತೀರ ಬಳಲಿದ್ದಳು. ದನಿ ಸಣ್ಣಗಾಗಿತ್ತು, ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಅಮ್ಮ ಅದನ್ನು ಕೇಳುವ ಮೊದಲೇ ಅದು ನಿಂತುಹೋದರೆ ಎಂದು ನನಗೆ ಒಳಗೊಳಗೇ ದಿಗಿಲು.

ಮಾಗಿಯ ಒಂದು ಮಧ್ಯಾಹ್ನ. ಅಮ್ಮ ಅಜ್ಜಿಯ ಕಾಲ ಬಳಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ನಾನು ಕಂಬಕ್ಕೆ ಒರಗಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಅಜ್ಜಿ ಆಗೊಮ್ಮೆ ಈಗೊಮ್ಮೆ ತನ್ನ ಮಾತು ಆಡುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಅಮ್ಮನ ಬೆರಳು ಅಕ್ಕಿಯಲ್ಲಿ ನಿಧಾನವಾಗಿ ಹೋಗಿ ಬರುತ್ತಿತ್ತು, ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಹಾಗೇ ಹೋಗುತ್ತಿದ್ದ ಬೆರಳು ನಿಂತಿತು.

ಅಮ್ಮ ಮುಖ ಎತ್ತಲಿಲ್ಲ. "ಶೀಲಾ, ಈಗ ನಿಮ್ಮಜ್ಜಿ ಮಾತಾಡಿದ್ಲಾ?" ಎಂದಳು, ಗಟ್ಟಿಯಾಗಿ ಕೇಳಿದರೆ ಓಡಿಹೋಗುತ್ತದೇನೋ ಎಂಬಂತೆ.

"ಹೂಂ."

ಅಜ್ಜಿ ಮತ್ತೆ ಅಂದಳು. ಅಮ್ಮ ಮೊರ ಸರಿಸಿ ಅಜ್ಜಿಯ ಮೊಣಕಾಲಿಗೆ ಹಣೆಯಿಟ್ಟಳು. "ಹೂಂ ಕಣಮ್ಮಾ, ಬಿಸಿಲಲ್ಲಿ ಬಂದೆ" ಎಂದಳು. ಅಜ್ಜಿ ಅವಳ ತಲೆಯ ಮೇಲೆ ಕೈಯಿಟ್ಟು ಮತ್ತೆ ಕೇಳಿದಳು. "ಹೂಂ ಕಣಮ್ಮಾ, ಬಿಸಿಲಲ್ಲಿ ಬಂದೆ." ಜೀವಮಾನವಿಡೀ ಒಂದು ಮಾತನ್ನು ಎರಡು ಸಲ ಆಡದ ಅಮ್ಮ, ನೆರಳು ಬೀದಿಯ ಆ ಬದಿಗೆ ಹೋಗುವವರೆಗೂ, ಒಂದಕ್ಷರ ಬದಲಿಸದೆ ಅದನ್ನೇ ಹೇಳುತ್ತಿದ್ದಳು. ಅಕ್ಕಿ ಹಾಗೇ ಉಳಿಯಿತು. ಅವತ್ತು ರಾತ್ರಿ ನಾವು ಅವಲಕ್ಕಿ ತಿಂದೆವು.

ಅಜ್ಜಿ ಯುಗಾದಿ ಕಳೆದು ಕೆಲವು ದಿನಗಳಿಗೆ ಹೋದಳು. ಅಷ್ಟು ಹೊತ್ತಿಗೆ ಪಕ್ಕದ ಮನೆಯವರೂ ಟೀಚರ್ ಹತ್ತಿರ ಕಲಿಯಲು ಬಂದಿದ್ದರು, ಅವರ ಮಾವನ ಸಲುವಾಗಿ. ಅವರನ್ನು ನೋಡಿ ಹಾಲಿನವಳು ಬಂದಳು, ತನ್ನ ಅಕ್ಕನ ಸಲುವಾಗಿ. ವಾರಿಜಾ ಟೀಚರ್ ಮನೆಯ ನಡುಮನೆಯಲ್ಲಿ ದೊಡ್ಡವರು ಮಕ್ಕಳ ಹಾಗೆ ಚಕ್ಕಳಮಕ್ಕಳ ಹಾಕಿ ಲೋಟದ ಮುಂದೆ ಕೂರುತ್ತಿದ್ದರು, ಕಲಿಸಲು ನಾವು ಮಕ್ಕಳು ನೆರವಾಗುತ್ತಿದ್ದೆವು. ಎಲ್ಲರಿಗೂ ಬರಲಿಲ್ಲ. ಬಂದವರು ಬಹಳ ಜನ. ಕೊನೆಗೊಂದು ದಿನ ಹೆಡ್ ಮೇಷ್ಟ್ರೂ ಬಂದು, ಯಾರ ಸಲುವಾಗಿ ಎಂದು ಹೇಳದೆ, ಹಿಂದೆ ಕೂತರು.

ನಾನು ಆ ಊರು ಬಿಟ್ಟು ಬಹಳ ಕಾಲವಾಯಿತು. ಈಗಿರುವ ಊರಿನಲ್ಲಿ ಎಲ್ಲರಿಗೂ ಎಲ್ಲವೂ ಎಷ್ಟು ಸಲ ಬೇಕಾದರೂ ಕೇಳಿಸುತ್ತದೆ, ಯಾರೂ ಕಿವಿಗೊಡುವುದಿಲ್ಲ. ಕಣ್ಣು ಮುಚ್ಚಿದರೆ ನಾನು ಮರಳುವುದು ಆ ಬೇಸಿಗೆಯ ನಮ್ಮ ಬೀದಿಯ ಮಧ್ಯಾಹ್ನಕ್ಕೆ. ಜಗಲಿ ಜಗಲಿಯ ಮೇಲೂ ಕುರ್ಚಿ. ಒಬ್ಬ ಅಜ್ಜ "ಬಸ್ಸು ಬಂತೇನಪ್ಪ" ಅನ್ನುತ್ತಾನೆ, ಎದುರು ಮನೆಯ ಅಜ್ಜಿ "ಎಮ್ಮೆ ಕಟ್ಟಿದ್ರಾ" ಅನ್ನುತ್ತಾಳೆ, ಅದರಾಚೆ ಹಾಲಿನವಳ ಅಕ್ಕ "ನನ್ನ ಕೆಂಪು ಸೀರೆ ಎಲ್ಲಿ". ಒಬ್ಬರದು ಉದ್ದ, ಒಬ್ಬರದು ಗಿಡ್ಡ. ಒಬ್ಬರು ಬೇಗ, ಒಬ್ಬರು ನಿಧಾನ. ಒಳಗಿನಿಂದ ಮಕ್ಕಳು, ಸೊಸೆಯರು ಉತ್ತರ ಕೊಡುತ್ತಿರುತ್ತಾರೆ. "ಇನ್ನೂ ಬಂದಿಲ್ಲ ತಾತ." "ಕಟ್ಟಿದೀವಮ್ಮ." "ಪೆಟ್ಟಿಗೇಲಿದೆ ಕಣಕ್ಕಾ." ಮಾತುಗಳು ಒಂದನ್ನೊಂದು ದಾಟುತ್ತಾ, ಜೊತೆಗೂಡುತ್ತಾ, ಮತ್ತೆ ಬಿಡಿಯಾಗುತ್ತಾ ಬೀದಿಯುದ್ದಕ್ಕೂ ಹೋಗುತ್ತವೆ. ಶಾಲೆಯಿಂದ ಬಂದ ವಾರಿಜಾ ಟೀಚರ್ ತಿರುವಿನಲ್ಲಿ ನಿಂತಿದ್ದಾರೆ. ಸುಡುಬಿಸಿಲು, ಆದರೂ ಛತ್ರಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಾರೆ. ಒಂದು ಹೆಜ್ಜೆ ಮುಂದೆ ಬಂದರೂ ಏನೋ ತಪ್ಪಿಹೋಗುತ್ತದೆ ಎಂಬ ಹಾಗೆ, ಅಲ್ಲೇ.